ನಲವತ್ತು ಬಾಟ್ಲಿ

ಉಪ್ಪಿನ ಡಬ್ಬಿ ನೆವಿಲ್‌ನ ಮೊಣಕೈ ಪಕ್ಕದಲ್ಲೇ ಇತ್ತು. ಎದುರಿಗೆ ಕೂತಿದ್ದ ಅವನ ಅಪ್ಪ ಈನಕ್ ಥ್ಯಾಕ್ರೇ ಮೊಮ್ಮಗಳ ಕಡೆ ತಿರುಗಿದ.

"ಜ್ಯಾನಿಸ್, ಆ ಮನುಷ್ಯಂಗೆ ಹೇಳು, ಉಪ್ಪು ಈ ಕಡೆ ತಳ್ಳಲಿ."

"ಅಪ್ಪಾ, ತಾತಂಗೆ ಉಪ್ಪಂತೆ," ಎಂದಳು ಜ್ಯಾನಿಸ್, ತಟ್ಟೆಯಿಂದ ತಲೆ ಎತ್ತದೆ.

ನೆವಿಲ್ ತಳ್ಳಿದ. ಹದಿನೈದು ತಿಂಗಳಿಂದ ಆ ಮನೆಯಲ್ಲಿ ಉಪ್ಪು, ಪೇಪರು, ಕಲ್ಲಿದ್ದಲ ಬಕೆಟ್ಟು ಎಲ್ಲವೂ ಹೀಗೆ ಮೂರನೆಯವರ ಬಾಯಿ ದಾಟಿಯೇ ಕೈಗೆ ಬರುತ್ತಿದ್ದವು. ಮೊದಮೊದಲು ಜ್ಯಾನಿಸ್ ನಗುತ್ತಿದ್ದಳು, ಆಮೇಲೆ ರೇಗುತ್ತಿದ್ದಳು. ಈಗ ಎರಡೂ ಇಲ್ಲ, ಅಂಚೆಯವನ ಹಾಗೆ ತಲುಪಿಸಿ ತನ್ನ ಪಾಡಿಗೆ ತಿನ್ನುತ್ತಿದ್ದಳು.

ಹ್ಯಾಲಮ್‌ಥಾರ್ಪಿನ ಕಲ್ಲಿದ್ದಲ ಗಣಿ ಎಂಬತ್ನಾಲ್ಕರಲ್ಲಿ ಮುಷ್ಕರಕ್ಕೆ ಇಳಿದಾಗ ನೆವಿಲ್ ಹತ್ತು ತಿಂಗಳು ಎಲ್ಲರ ಜೊತೆ ಗೇಟಿನ ಮುಂದೆ ನಿಂತಿದ್ದ. ಮರುವರ್ಷದ ಜನವರಿಯ ಒಂದು ಸೋಮವಾರ, ಮುಷ್ಕರ ಮುರಿದು, ಕಿಟಕಿಗೆ ಜಾಲರಿ ಬಿಗಿದ ಬಸ್ಸು ಹತ್ತಿ ಒಳಗೆ ಹೋದ. ಇನ್ನು ಏಳು ವಾರ ತಡೆದಿದ್ದರೆ ಮುಷ್ಕರವೇ ಮುಗಿದು, ಬ್ಯಾಂಡಿನ ಹಿಂದೆ ಊರಿನ ಗಂಡಸರೆಲ್ಲರ ಜೊತೆ ತಲೆ ಎತ್ತಿ ನಡೆದು ಹೋಗಬಹುದಿತ್ತು. ತಡೆಯಲಿಲ್ಲ. ಅಂದಿನಿಂದ ಗಣಿಯೊಳಗೆ ಅವನು ಬುತ್ತಿ ಬಿಚ್ಚಿದರೆ ಪಕ್ಕದಲ್ಲಿದ್ದವರು ತಮ್ಮ ಬುತ್ತಿ ಎತ್ತಿಕೊಂಡು ದೂರ ಹೋಗಿ ಕೂರುತ್ತಿದ್ದರು. ಕಾರ್ಮಿಕರ ಕ್ಲಬ್ಬಿನ ಸದಸ್ಯರ ಪಟ್ಟಿಯಲ್ಲಿ ಅವನ ಹೆಸರಿನ ಮೇಲೆ ಗೆರೆ ಬಿತ್ತು. ಊರಿನ ಪಬ್ಬಿನಲ್ಲಿ ಗೆರೆ ಬೀಳಲಿಲ್ಲ, ಆದರೆ ಅವನು ಲೋಟ ಹಿಡಿದು ನಿಂತರೆ ಆ ಗೋಡೆಯುದ್ದಕ್ಕೂ ಜಾಗ ಖಾಲಿಯಾಗುತ್ತಿತ್ತು. ಎರಡು ಸಲ ಹೋಗಿ ಬಿಟ್ಟುಬಿಟ್ಟ.

ಆ ಏಪ್ರಿಲ್ ಶನಿವಾರ ಅವನು ಪೇಟೆಯಿಂದ ಮುಚ್ಚಳವಿರುವ ದೊಡ್ಡ ಬಿಳಿ ಬಕೆಟ್ಟು, ಅದರೊಳಗೆ ಒಂದು ದಪ್ಪ ಡಬ್ಬಿ, ಸಕ್ಕರೆ ಪೊಟ್ಟಣ ಇಟ್ಟುಕೊಂಡು ಬಂದಿದ್ದ. ಊಟವಾದ ಮೇಲೆ ಮೇಜಿನ ಮೇಲಿಟ್ಟ.

"ಇದೇನು, ಮಗೂಗೆ ಸ್ನಾನ ಮಾಡ್ಸೋಕಾ?" ಎಂದಳು ಅವನ ಹೆಂಡತಿ ಡೊರೀನ್. ಅವಳು ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬೇಯಿಸುವವಳು, ಪಾತ್ರೆ ಎಂದರೆ ಕಣ್ಣು ಚುರುಕು.

"ಬಿಯರ್ ಮಾಡೋಕೆ. ಒಂದು ಡಬ್ಬಿಗೆ ನಲವತ್ತು ಪೈಂಟು, ಅಂದ್ರೆ ನಲವತ್ತು ಬಾಟ್ಲಿ."

"ನಲವತ್ತು! ಯಾರು ಕುಡೀತಾರೆ?"

ನೆವಿಲ್ ಡಬ್ಬಿಯ ಮೇಲಿನ ಕಾಗದ ಓದುವವನಂತೆ ತಿರುಗಿಸಿದ.

ಪೇಟೆಯ ಅಂಗಡಿಯಲ್ಲಿ ಅದನ್ನು ಮಾರಿದ ಹೆಂಗಸು ಅವನಿಗೆ ಹತ್ತು ನಿಮಿಷ ಕೂಲಂಕಷವಾಗಿ ಹೇಳಿಕೊಟ್ಟಿದ್ದಳು. ಹೊಸಬರು ಮಾಡುವ ತಪ್ಪು ಮೂರೇ, ಎಂದಿದ್ದಳು. ಪಾತ್ರೆ ಸರಿಯಾಗಿ ತೊಳೆಯುವುದಿಲ್ಲ, ತಣಿಯುವವರೆಗೆ ಕಾಯುವುದಿಲ್ಲ, ಹುದುಗುವಾಗ ದಿನಕ್ಕೆ ಹತ್ತು ಸಲ ಮುಚ್ಚಳ ತೆಗೆದು ನೋಡುತ್ತಾರೆ. "ನನ್ನ ಗಂಡ ಮೊದಲನೇ ಸಲ ಮಾಡಿದ್ದನ್ನ ಗುಲಾಬಿ ಗಿಡಕ್ಕೆ ಸುರಿದ್ವಿ. ಗಿಡಾನೂ ಸತ್ತೋಯ್ತು," ಎಂದು ನಕ್ಕಿದ್ದಳು. ನೆವಿಲ್‌ಗೆ ಎಲ್ಲ ಅರ್ಥವಾಗಿತ್ತು. ಆದರೂ ಯೀಸ್ಟಿನ ಬಗ್ಗೆ ಇನ್ನೊಂದು ಸಲ ಕೇಳಿದ, ಸಕ್ಕರೆಯ ಬಗ್ಗೆಯೂ ಕೇಳಿದ. ಹಿಂದೆ ಗಿರಾಕಿಗಳು ಸಾಲು ನಿಂತ ಮೇಲೆಯೇ ಹೊರಟ. ಹೊರಗಿನವರ್ಯಾರೂ ಅವನೊಂದಿಗೆ ಅಷ್ಟು ಹೊತ್ತು ಮಾತಾಡಿ ಬಹಳ ದಿನವಾಗಿತ್ತು.

*

ಭಾನುವಾರ ಮಧ್ಯಾಹ್ನ, ಹುರಿದ ಮಾಂಸದ ತಟ್ಟೆಗಳನ್ನು ತೊಳೆದಿಟ್ಟ ಮೇಲೆ, ಡೊರೀನ್ ಒಲೆ ಬಿಟ್ಟುಕೊಟ್ಟಳು. ನೆವಿಲ್ ಬಕೆಟ್ಟನ್ನು ಕ್ರಿಮಿ ಕೊಲ್ಲುವ ಔಷಧಿಯ ನೀರಿನಲ್ಲಿ ನೆನೆಸಿ ಮೂರು ಸಲ ತೊಳೆದ. ಡಬ್ಬಿಯೊಳಗಿನ ಮಾಲ್ಟ್, ಮೊಳೆತ ಬಾರ್ಲಿಯ ಪಾಕ, ಜೋನಿಬೆಲ್ಲದ ಹಾಗೆ ಕಪ್ಪಗೆ, ಮಂದವಾಗಿ ಇಳಿಯಿತು. ಸಕ್ಕರೆ ಹಾಕಿ, ಕುದಿವ ನೀರು ಹೊಯ್ದು, ಮರದ ಸೌಟಿನಿಂದ ಕದಡಿದ. ಮನೆಯೆಲ್ಲ ಕಹಿ ಬೆರೆತ ಸಿಹಿ ವಾಸನೆ. ಯೀಸ್ಟಿನ ಪೊಟ್ಟಣ ಹಲ್ಲಿನಿಂದ ಹರಿದ.

ಅಗ್ಗಿಷ್ಟಿಕೆಯ ಪಕ್ಕದ ಕುರ್ಚಿಯಲ್ಲಿ ಈನಕ್ ಪೇಪರು ಮಡಿಸಿದ.

"ಡೊರೀನ್."

"ಏನು ಮಾವ?"

"ಆ ಮನುಷ್ಯಂಗೆ ಹೇಳು. ಬಿಸಿ ನೀರಿಗೆ ಯೀಸ್ಟ್ ಹಾಕಿದ್ರೆ ಅದು ಸಾಯುತ್ತೆ. ಅದೂ ಜೀವ ಇರೋ ವಸ್ತುವೇ."

ಡೊರೀನ್ ಗಂಡನನ್ನು ನೋಡಿದಳು. ಇಬ್ಬರ ನಡುವೆ ಆರು ಹೆಜ್ಜೆ ದೂರ. "ಕೇಳಿಸ್ತಾ, ಇಲ್ಲ ನಾನೂ ಒಂದು ಸಲ ಹೇಳ್ಬೇಕಾ?"

"ಕೇಳಿಸ್ತು. ಎಷ್ಟು ತಣ್ಣಗಾಗ್ಬೇಕು ಅಂತ ಕೇಳು."

"ಮಾವ, ಎಷ್ಟು ತಣ್ಣಗಾಗ್ಬೇಕಂತೆ?"

"ಮಗೂಗೆ ಹಾಲು ಕುಡಿಸೋವಾಗ ಮುಂಗೈ ಮೇಲೆ ಬಿಟ್ಕೊಂಡು ನೋಡಲ್ವಾ, ಅಷ್ಟು. ಬಿಸೀನೂ ಅನ್ನಿಸ್ಬಾರ್ದು, ತಣ್ಣಗೂ ಅನ್ನಿಸ್ಬಾರ್ದು."

ಸಾವಿರದ ಒಂಬೈನೂರ ಇಪ್ಪತ್ತಾರರ ಮುಷ್ಕರದಲ್ಲಿ ಈನಕ್‌ನ ತಾಯಿ ಬಟ್ಟೆ ಬೇಯಿಸುವ ತಾಮ್ರದ ಹಂಡೆಯಲ್ಲಿ ತುರಿಕೆ ಸೊಪ್ಪಿನ ಬಿಯರ್ ಕಾಯಿಸಿ ಬೀದಿಗೆಲ್ಲ ಕೊಡುತ್ತಿದ್ದಳಂತೆ. ಆಗ ಅವನಿಗೆ ಹದಿನೇಳು. ಈ ಕಥೆಯನ್ನು ನೆವಿಲ್ ಚಿಕ್ಕಂದಿನಲ್ಲಿ ನೂರು ಸಲ ಕೇಳಿದ್ದ.

ತಣ್ಣೀರು ಬೆರೆಸಿ, ಮುಂಗೈ ಮೇಲೆ ಹನಿ ಬಿಟ್ಟುಕೊಂಡು, ಕಾಯುತ್ತ ನಿಂತ. ಅಪ್ಪ ಪೇಪರಿನ ಮೇಲಿಂದ ನೋಡುತ್ತಿದ್ದ. ನೆವಿಲ್ ತಿರುಗಿದ ಕೂಡಲೇ ಪೇಪರು ಮೇಲೇರಿತು.

ಬಕೆಟ್ಟು ಮೆಟ್ಟಿಲ ಬಳಿಯ ಗೂಡು ಸೇರಿತು. ಬಿಸಿನೀರಿನ ತೊಟ್ಟಿ ಇದ್ದದ್ದು ಅಲ್ಲೇ, ಡೊರೀನ್ ಒಗೆದ ಹಾಸುಬಟ್ಟೆ ಜೋಡಿಸುತ್ತಿದ್ದದ್ದೂ ಅಲ್ಲೇ.

"ನನ್ನ ಬಟ್ಟೆ ಎಲ್ಲಿಡ್ಲಿ?"

"ಒಂದು ವಾರ ಅಷ್ಟೇ ಕಣೇ."

ಮೂರನೇ ದಿನಕ್ಕೆ ಡೊರೀನ್ ದಿಂಬಿನ ಚೀಲ ಮೂಸಿ, "ರಾತ್ರಿಯೆಲ್ಲ ಪಬ್ಬಿನ ನೆಲದ ಮೇಲೆ ಮಲಗಿದ ಹಾಗಿರುತ್ತೆ," ಎಂದು ಗೊಣಗಿದಳು. ಆದರೆ ಬಕೆಟ್ಟು ತೆಗೆಯಲು ಹೇಳಲಿಲ್ಲ. ಪಾಳಿ ಮುಗಿಸಿ ಬಂದ ಗಂಡ ಮೆಟ್ಟಿಲ ಮೇಲೆ ಕೂತು, ಗೂಡಿನ ಬಾಗಿಲು ತುಸು ತೆರೆದು, ಒಳಗಿನ ಬುಳುಬುಳು ಸದ್ದು ಕೇಳುವುದನ್ನು ಅವಳು ಎರಡು ದಿನ ನೋಡಿದ್ದಳು. ಗಂಡಸು ಬಕೆಟ್ಟಿನ ಮಾತು ಕೇಳಲು ಕೂರುವಂತಾಯಿತಲ್ಲ ಎಂದುಕೊಂಡಳು.

*

ಗುರುವಾರ ಸಂಜೆ ಪೈ ಮತ್ತು ಬಟಾಣಿಯ ಊಟ. ಜ್ಯಾನಿಸ್ ಬೇಕರಿಯ ಕೆಲಸ ಮುಗಿಸಿ ಬಂದವಳು ಕೋಟು ಬಿಚ್ಚದೆ ಎಡಗೈಯನ್ನು ಮೇಜಿನ ಮೇಲೆ ಇಟ್ಟಳು. ಬೆರಳಲ್ಲಿ ಚಿಕ್ಕ ಹರಳಿನ ಉಂಗುರ.

"ಮದ್ವೆ ಆಗ್ತೀಯಾ ಅಂತ ಕೀತ್ ಕೇಳ್ದ. ನಾನು ಹೂಂ ಅಂದೆ."

ಡೊರೀನ್ ಅವಳನ್ನು ಅಪ್ಪಿಕೊಂಡಳು. ತಾತ ಉಂಗುರವನ್ನು ದೀಪಕ್ಕೆ ಹಿಡಿಸಿ ನೋಡಿ, "ಕಲ್ಲಿದ್ದಲಿಗಿಂತ ಸಣ್ಣದು, ಆದ್ರೆ ಹೊಳಪಿದೆ," ಎಂದ. ನೆವಿಲ್ ಎದ್ದು ನಿಂತ, ಮತ್ತೆ ಕೂತ. ಹತ್ತೊಂಬತ್ತು ವರ್ಷದ ಮಗಳು ತನಗಿಂತ ಎತ್ತರವಾಗಿದ್ದನ್ನು ಅವತ್ತೇ ಕಂಡವನಂತೆ ನೋಡಿದ.

"ಪಾರ್ಟಿ ಇಲ್ಲೇ ಮಾಡೋಣ," ಎಂದ. "ಬಿಯರ್ ಇನ್ನೊಂದು ತಿಂಗಳಿಗೆ ಕುಡಿಯೋ ಹಾಗಾಗುತ್ತೆ. ನಲವತ್ತು ಬಾಟ್ಲಿ. ಹಿತ್ತಲಲ್ಲಿ ಮೇಜು ಹಾಕಿದ್ರೆ..."

ಜ್ಯಾನಿಸ್ ಅಮ್ಮನ ಮುಖ ನೋಡಿದಳು.

"ಅಪ್ಪಾ, ಕ್ಲಬ್ಬಲ್ಲಿ ಅಂತ ಆಗ್ಬಿಟ್ಟಿದೆ. ಮೇ ಇಪ್ಪತ್ನಾಲ್ಕು. ಕೀತ್ ಅವರಪ್ಪ ಹಾಲ್ ಹೇಳಿಟ್ಟಿದಾರೆ."

ಕೀತ್‌ನ ಅಪ್ಪ ಬರ್ನಾರ್ಡ್ ಬ್ಯಾರಕ್ಲಫ್‌ನನ್ನು ಮುಷ್ಕರದ ಕಾರಣಕ್ಕೇ ಗಣಿಯಿಂದ ತೆಗೆದುಹಾಕಿದ್ದರು. ಇಪ್ಪತ್ತೆಂಟು ವರ್ಷದ ಕೆಲಸ.

"ಇಲ್ಲಿಗೆ ಕರೆದ್ರೆ ಬರಲ್ವಾ?" ನೆವಿಲ್ ಕೇಳಿದ.

"ಈ ಗೇಟು ದಾಟಲ್ಲ ಅಂದಿದಾರೆ ಅಪ್ಪಾ. ಕೀತ್ ಬರ್ತಾನೆ. ಅವರು ಬರಲ್ಲ."

"ಸರಿ ಬಿಡು."

"ಸರಿ ಅಲ್ಲ!" ಡೊರೀನ್ ಸೌಟು ಕುಕ್ಕಿದಳು. "ಹೆತ್ತಪ್ಪ ಮನೇಲಿ ಕೂತ್ಕೋಬೇಕು, ಊರೆಲ್ಲ ಅವನ ಮಗಳ ನಿಶ್ಚಿತಾರ್ಥದಲ್ಲಿ ಕುಣೀಬೇಕು! ಮಾವ, ನೀವು ಬಾಯಿ ಮುಚ್ಕೊಂಡು ಪೈ ತಿಂತಾ ಇದೀರಲ್ಲ. ಅವತ್ತು ಡಾಕ್ಟರು ಏನಂದ್ರು? ಈ ಚಳೀಲಿ ಇನ್ನೊಂದು ತಿಂಗಳು ಬೆಂಕಿ ಇಲ್ದೆ ಇದ್ರೆ ಇವರ ಎದೆ ತಡೆಯಲ್ಲ ಅಂದ್ರು. ನಾವು ಕುರ್ಚಿ ಕಾಲು ಮುರಿದು ಸುಡ್ತಾ ಇದ್ವಿ. ಅವನು ಒಳಗೆ ಹೋಗಿದ್ದು ನಿಮಗೋಸ್ಕರ!"

ಈನಕ್ ಚಮಚ ಕೆಳಗಿಟ್ಟ.

"ನಾನು ಕೇಳ್ಲಿಲ್ಲ," ಎಂದ. "ನನ್ನ ತಲೆಗೆ ಕಟ್ಬೇಡ ಅದನ್ನ. ನನ್ನನ್ನ ಕೇಳಿದ್ರೆ ಸಾಯ್ತೀನಿ ಬಿಡು ಅಂತಿದ್ದೆ."

"ಅಪ್ಪನಿಗೋಸ್ಕರ ಅಲ್ಲ," ಎಂದ ನೆವಿಲ್.

ಮೂವರೂ ಅವನ ಕಡೆ ನೋಡಿದರು.

"ಡಾಕ್ಟರು ಹೇಳಿದ್ದು ನಿಜ. ಆದ್ರೆ ಅದಕ್ಕೆ ಹೋಗ್ಲಿಲ್ಲ. ಸುಮ್ನೆ... ಸಾಕಾಗಿತ್ತು ಕಣೇ. ಬೆಳಿಗ್ಗೆ ಎದ್ದೆ, ಸಾಕು ಅನ್ನಿಸ್ತು. ಬೂಟು ಹಾಕ್ಕೊಂಡೆ. ಅಷ್ಟೇ. ಇನ್ನೊಬ್ಬರ ಹೆಸರು ಹೇಳೋಕೆ ಏನೂ ಇಲ್ಲ."

ಈನಕ್ ಮಗನನ್ನು ನೇರವಾಗಿ ನೋಡಿದ. ಆಮೇಲೆ ಕುರ್ಚಿ ಹಿಂದೆ ಸರಿಸಿ, ಗೋಡೆ ಹಿಡಿದುಕೊಂಡು ಮಹಡಿಗೆ ಹೋದ. ಅವನ ಅರ್ಧ ಪೈ ತಟ್ಟೆಯಲ್ಲೇ ಆರಿತು.

*

ಎಂಟನೇ ದಿನಕ್ಕೆ ಬಕೆಟ್ಟು ಮೌನವಾಯಿತು. ಹುದುಗು ಅಳೆಯುವ ಗಾಜಿನ ತೇಲುಕಡ್ಡಿ ಬಿಟ್ಟು ನೋಡಿದರೆ ಎರಡು ದಿನವೂ ಒಂದೇ ಗೆರೆಗೆ ನಿಂತಿತು. ಹುದುಗುವುದು ಮುಗಿದಿತ್ತು, ಇನ್ನು ಬಾಟ್ಲಿಗೆ ತುಂಬಬೇಕು. ನೆವಿಲ್ ಹಣ್ಣಿನ ರಸದ ಬಾಟ್ಲಿಗಳನ್ನು ಕೂಡಿಹಾಕಿಕೊಂಡಿದ್ದ.

"ಜ್ಯಾನಿಸ್, ಆ ಮನುಷ್ಯಂಗೆ ಹೇಳು," ಎಂದಿತು ತಾತನ ಕುರ್ಚಿ. "ತೆಳು ಗಾಜು ತಡೆಯಲ್ಲ. ಒಳಗೆ ಗಾಳಿ ಹೆಚ್ಚಾಗಿ ಒಡೀತದೆ. ಬಿಯರ್ ಬಾಟ್ಲೀನೇ ಬೇಕು, ದಪ್ಪದ್ದು."

"ತಾತಾ, ಬಿಯರ್ ಬಾಟ್ಲಿ ಅಪ್ಪಂಗೆ ಯಾರು ಕೊಡ್ತಾರೆ?"

ಮರುದಿನ ಮಧ್ಯಾಹ್ನ ಎಂದಿನಂತೆ ಕ್ಲಬ್ಬಿಗೆ ಹೋಗಿ, ಒಂದು ಲೋಟ ಕುಡಿದು, ಡಾಮಿನೋ ಆಡಿ ಬಂದ ತಾತನ ಕೈಯಲ್ಲಿ ಡೊರೀನಳ ತರಕಾರಿ ಚೀಲವಿತ್ತು. ಅಡುಗೆಮನೆಯ ನೆಲದ ಮೇಲೆ ಇಟ್ಟಾಗ ಗಾಜು ಕಿಣಿಗುಟ್ಟಿತು. ಕ್ಲಬ್ಬಿನ ಹಿತ್ತಲಲ್ಲಿ ರಾಶಿ ಬಿದ್ದ ಖಾಲಿ ಬಾಟ್ಲಿಗಳಲ್ಲಿ ಏಳು. ಮರುದಿನ ಏಳು, ಅದರ ಮರುದಿನ ಎಂಟು, ಹೀಗೇ ನಲವತ್ತು ಕೂಡುವವರೆಗೆ. ಗುಡ್ಡದ ರಸ್ತೆಯಲ್ಲಿ ಎರಡು ಕಡೆ ನಿಂತು ಉಸಿರು ತೆಗೆದುಕೊಂಡು, ಗಣಿಯ ದೂಳು ತುಂಬಿದ ಎದೆಯ ಮುದುಕ ಹೊತ್ತು ತರುತ್ತಿದ್ದ.

"ಯಾಕಪ್ಪ ಬಾಟ್ಲಿ ಅಂತ ಕ್ಲಬ್ಬಲ್ಲಿ ಯಾರೂ ಕೇಳ್ಲಿಲ್ವಾ ಮಾವ?" ಎಂದಳು ಡೊರೀನ್.

"ಟೊಮೇಟೊ ಸಾಸ್ ತುಂಬ್ಸೋಕೆ ಅಂದೆ."

ನೆವಿಲ್ ರಾತ್ರಿಯೂಟದ ನಂತರ ಒಂದೊಂದನ್ನೂ ಕುಂಚದಿಂದ ಉಜ್ಜಿ ತೊಳೆದ. ತಳದಲ್ಲಿ ಒಣಗಿ ಅಂಟಿದ ಕೊಳೆ ಬಿಡಿಸಲು ಬೆರಳು ಸುಕ್ಕುಗಟ್ಟುವ ತನಕ ನೀರಲ್ಲಿ ಕೈಯಿಟ್ಟ. ಬಿಳಿಚಿದ ಆ ಬೆರಳುಗಳನ್ನು ನೋಡಿ ಡೊರೀನ್ ತನ್ನ ಕೈಗೆ ಹಚ್ಚುವ ಮುಲಾಮು ಕೊಟ್ಟಳು.

ತಿಂಗಳ ಕೊನೆಯ ಭಾನುವಾರ ತಾಯಿ ಮಗಳು ಪಾರ್ಟಿಯ ಬಟ್ಟೆಗೆಂದು ಚಿಕ್ಕಮ್ಮನ ಮನೆಗೆ ಹೋದರು. ಮನೆಯಲ್ಲಿ ಉಳಿದವರು ಇಬ್ಬರೇ, ಮಾತು ದಾಟಿಸುವವರು ಯಾರೂ ಇಲ್ಲ. ನೆವಿಲ್ ಬಕೆಟ್ಟನ್ನು ಮೇಜಿನ ಮೇಲೇರಿಸಿ, ರಬ್ಬರ್ ಕೊಳವೆ ಇಳಿಬಿಟ್ಟು, ನೊರೆ ಕಟ್ಟಲೆಂದು ಬಾಟ್ಲಿಗೆ ಒಂದು ಚಮಚ ಸಕ್ಕರೆ ಹಾಕಲು ಹೋದ.

ಕುರ್ಚಿಯಿಂದ ಒಂದು ಕೆಮ್ಮು ಬಂತು. ಕೆಮ್ಮಿನ ಹಿಂದೆಯೇ ಅಪ್ಪ ಎದ್ದು ಬಂದ. ಚಮಚವನ್ನು ನೆವಿಲ್‌ನ ಕೈಯಿಂದ ತೆಗೆದುಕೊಂಡು, ಬೆರಳಿನಿಂದ ಅರ್ಧ ಸಕ್ಕರೆ ಗೀಚಿ ಪೊಟ್ಟಣಕ್ಕೆ ಬೀಳಿಸಿ, ವಾಪಸು ಕೊಟ್ಟ. ಆಮೇಲೆ ಎದುರಿಗೆ ಸ್ಟೂಲು ಎಳೆದು ಕೂತು, ಮುಚ್ಚಳಗಳ ಪೊಟ್ಟಣ ಬಿಡಿಸಿ, ಸುತ್ತಿಗೆ ಕೈಗೆತ್ತಿಕೊಂಡ.

ಒಬ್ಬ ತುಂಬಿದ. ಒಬ್ಬ ಮುಚ್ಚಳ ಹೊಡೆದ. ತಳದ ಚರಟ ಕದಡದಂತೆ ನೆವಿಲ್ ಕೊಳವೆಯ ತುದಿಯನ್ನು ಮೇಲಕ್ಕೇ ಹಿಡಿದಿದ್ದ. ಬಾಟ್ಲಿಯ ಕುತ್ತಿಗೆಯಲ್ಲಿ ಎರಡು ಬೆರಳು ಜಾಗ ಬಿಡದೆ ತುಂಬಿದಾಗಲೆಲ್ಲ ಮುದುಕ ಅದನ್ನು ಹಾಗೇ ಹಿಂದೆ ತಳ್ಳುತ್ತಿದ್ದ. ನಲವತ್ತು ಬಾಟ್ಲಿ, ಎರಡು ಗಂಟೆ, ಒಂದು ಮಾತಿಲ್ಲ. ಕೊನೆಯ ಮುಚ್ಚಳ ಕೂತ ಮೇಲೆ ಈನಕ್ ಕೈ ಒರೆಸಿಕೊಂಡು ಅಗ್ಗಿಷ್ಟಿಕೆಯ ಬಳಿಗೆ ಮರಳಿದ. ನೆವಿಲ್ ಚಹಾ ಮಾಡಿ ಅಪ್ಪನ ಕುರ್ಚಿಯ ಕೈ ಮೇಲಿಟ್ಟ. ಮಾಮೂಲಿಯಾಗಿ ಅವನು ಇಟ್ಟ ಚಹಾ ಡೊರೀನ್ ಬಂದು ಕೊಡುವವರೆಗೂ ಆರುತ್ತಿತ್ತು. ಅಂದು ಮುದುಕ ಕುಡಿದ.

*

ಮೇ ಇಪ್ಪತ್ನಾಲ್ಕರ ಸಂಜೆ ಮನೆಯೆಲ್ಲ ಇಸ್ತ್ರಿಯ ಬಿಸಿ, ತಲೆಗೆ ಹೊಡೆವ ಸ್ಪ್ರೇಯ ವಾಸನೆ. ಜ್ಯಾನಿಸ್ ನೀಲಿ ಫ್ರಾಕಿನಲ್ಲಿ ಅಡುಗೆಮನೆಗೆ ಬಂದಳು.

"ಅಪ್ಪಾ, ಜಿಪ್ಪು ಎಳಿ."

ನೆವಿಲ್ ಎಳೆದ.

"ನೀನು ಬಾ ಅಂತ ಹೇಳೋಕೆ ನಂಗೆ ಧೈರ್ಯ ಇಲ್ಲ. ಬರ್ಬೇಡ ಅನ್ನೋಕೆ ಬಾಯಿಲ್ಲ," ಎಂದಳು, ಬೆನ್ನು ತಿರುಗಿಸಿಕೊಂಡೇ.

"ನಿನ್ನ ದಿನ ಇದು. ಹೋಗಿ ಕುಣಿದು ಬಾ. ನಂಗೆ ಇಲ್ಲಿ ಕೆಲ್ಸ ಇದೆ."

"ಏನು ಕೆಲ್ಸ?"

"ಇದ್ದೇ ಇರುತ್ತಲ್ಲ ಏನಾದ್ರೂ."

ಡೊರೀನ್ ತಾನೂ ಹೋಗುವುದಿಲ್ಲ ಎಂದು ಬೆಳಿಗ್ಗೆಯಿಂದ ಹಟ ಹಿಡಿದಿದ್ದಳು, ಹುಡುಗಿಗೆ ತಾಯಿಯೂ ಇಲ್ಲದಂತೆ ಮಾಡಬೇಡ ಎಂದು ನೆವಿಲ್ ಗದರಿಸಿ ಒಪ್ಪಿಸಿದ್ದ. ಈನಕ್ ಮದುವೆ ಮನೆಗಳಿಗೆ ಹಾಕುವ ಕಪ್ಪು ಕೋಟು ಹಾಕಿಕೊಂಡು ಎಲ್ಲರಿಗಿಂತ ಮುಂಚೆ ಸಿದ್ಧನಾಗಿದ್ದ. ಆರೂವರೆಗೆ ಮೂವರೂ ಹೊರಟರು. ಕೋಟಿನ ಎರಡೂ ಜೇಬು ಭಾರಕ್ಕೆ ಜೋತುಬಿದ್ದಿದ್ದನ್ನು ನೆವಿಲ್ ಕಿಟಕಿಯಿಂದ ನೋಡಿದ. ಏನೆಂದು ಹೊಳೆಯಲಿಲ್ಲ.

ತಟ್ಟೆ ತೊಳೆದ. ಹಿತ್ತಲ ಬಾಗಿಲ ಕೀಲಿಗೆ ಎಣ್ಣೆ ಬಿಟ್ಟ. ಇನ್ನೂ ಏಳು ಗಂಟೆ. ಹೊರಗೆ ಒಳ್ಳೆಯ ಬೆಳಕಿತ್ತು. ಕೆಳಗಿನ ಬೀದಿಯಿಂದ ಕ್ಲಬ್ಬಿನ ಸಂಗೀತ ಗಾಳಿ ತಿರುಗಿದಾಗಷ್ಟೇ ಕೇಳುತ್ತಿತ್ತು. ಗೂಡಿನಿಂದ ಒಂದು ಬಾಟ್ಲಿ ತಂದು ಮುಚ್ಚಳ ಎಬ್ಬಿಸಿದ. ಉಸಿರು ಬಿಟ್ಟಂತೆ ಸದ್ದಾಯಿತು. ಲೋಟವನ್ನು ಓರೆ ಹಿಡಿದು, ಅಂಗಡಿಯ ಹೆಂಗಸು ಹೇಳಿದ್ದಂತೆ ಒಂದೇ ಸಮನೆ ಸುರಿದು, ತಳದ ಚರಟ ಕುತ್ತಿಗೆಗೆ ಬರುವ ಮುಂಚೆ ನಿಲ್ಲಿಸಿದ. ತಾಮ್ರದ ಬಣ್ಣ. ಮೇಲೆ ಎರಡು ಬೆರಳು ನೊರೆ, ಅದು ಬೇಗ ಇಳಿಯಲೂ ಇಲ್ಲ. ಕುಡಿದ. ಚೆನ್ನಾಗಿತ್ತು. ನಿಜಕ್ಕೂ ಚೆನ್ನಾಗಿತ್ತು.

"ಚೆನ್ನಾಗಿದೆ," ಎಂದು ಜೋರಾಗಿ ಹೇಳಿದ. ಗಡಿಯಾರ ಟಿಕ್ಕೆನ್ನುತ್ತಿತ್ತು. ಪಕ್ಕದ ಮನೆಯವರೂ ಪಾರ್ಟಿಗೆ ಹೋಗಿದ್ದರು.

ಎಂಟೂಕಾಲಿಗೆ ಗೇಟು ಕಿರ್ರೆಂದಿತು. ಒಳಗೆ ಬಂದದ್ದು ಅಪ್ಪ, ಒಬ್ಬನೇ. ಗುಡ್ಡ ಹತ್ತಿ ಬಂದ ಎದೆ ಸೀಟಿ ಹೊಡೆಯುತ್ತಿತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತು, ಉಸಿರು ಕೂಡಿಸಿಕೊಂಡು, ಒಂದು ಜೇಬಿನಿಂದ ಖಾಲಿ ಬಾಟ್ಲಿ, ಇನ್ನೊಂದರಿಂದ ತುಂಬಿದ ಬಾಟ್ಲಿ ತೆಗೆದು ಮೇಜಿನ ಮೇಲಿಟ್ಟ.

ನೆವಿಲ್ ಎರಡನ್ನೂ ನೋಡಿದ. "ಕ್ಲಬ್ಬಿಗೆ ತಗೊಂಡು ಹೋಗಿದ್ರಾ?"

ಉತ್ತರ ಬರುತ್ತದೆಂದು ಅವನು ಕೇಳಿರಲಿಲ್ಲ, ಬಾಯಿಗೆ ಬಂದದ್ದಷ್ಟೇ.

"ಹೂಂ," ಎಂದ ಈನಕ್. "ಬರ್ನಾರ್ಡ್ ಬಂದು ಹುಡುಗಿ ಹೆಸರಲ್ಲಿ ಲೋಟ ಎತ್ತೋಣ ಅಂದ. ಎಲ್ರೂ ಎತ್ತಿದ್ರು. ನಾನು ಇದನ್ನ ತೆಗೆದೆ. ಹೊರಗಿನದ್ದು ಇಲ್ಲಿ ಕುಡಿಯೋ ಹಾಗಿಲ್ಲ ಅಂದ ಕಾರ್ಯದರ್ಶಿ. ಇದು ಹುಡುಗಿ ಅಪ್ಪ ಮಾಡಿದ್ದು, ಅವಳ ಹೆಸರಲ್ಲಿ ಇದನ್ನೇ ಕುಡೀತೀನಿ ಅಂದೆ."

"ಅಪ್ಪಾ..."

"ನಿಂಗೆ ಮಗ ಇಲ್ಲ ಅಂತಿದ್ಯಲ್ಲ ಈನಕ್, ಅಂದ ಬರ್ನಾರ್ಡ್. ನಂಗೆ ಇರೋನೇ ಒಬ್ಬ ಅಂದೆ." ಮುದುಕ ಟೋಪಿ ತೆಗೆದು ಹಣೆ ಒರೆಸಿಕೊಂಡ. "ಎದ್ದು ಹೋದ್ರು. ಮೇಜಿನ ಸುತ್ತ ಆರು ಜನ ಇದ್ರು. ಐವತ್ತೆಂಟು ವರ್ಷದಿಂದ ಅದೇ ಮೇಜು. ಲೋಟ ಎತ್ಕೊಂಡು ಒಬ್ಬೊಬ್ರೇ ಎದ್ದು ಹೋದ್ರು."

"ಜ್ಯಾನಿಸ್ ನೋಡಿದ್ಲಾ?"

"ಇಲ್ಲ. ಆ ಕಡೆ ಕುಣೀತಿದ್ಲು. ಒಳ್ಳೇದಾಯ್ತು. ಡೊರೀನ್ ನೋಡಿದ್ಲು. ಬರ್ತೀನಿ ಅಂದ್ಲು, ಹುಡುಗಿ ಹತ್ರ ಇರು ಅಂದೆ."

ನೆವಿಲ್ ಮೇಜಿನ ಅಂಚು ಹಿಡಿದುಕೊಂಡ. "ಯಾಕೆ ಮಾಡಿದ್ರಿ ಅಪ್ಪಾ? ನಿಮಗೂ ಇನ್ನು ಅಲ್ಲಿ..."

"ನೀನು ಮಾಡಿದ್ದು ತಪ್ಪು," ಎಂದ ಈನಕ್. "ಸಾಯೋವರೆಗೂ ಹಂಗೇ ಅಂತೀನಿ."

"ಅನ್ನಿ."

"ನನ್ನ ಹೆಸರು ಹೇಳಿ ತಪ್ಪಿಸ್ಕೊಳ್ಳಬಹುದಿತ್ತು. ಹೇಳ್ಲಿಲ್ಲ ನೀನು. ಅದು ಬೇರೆ ವಿಷಯ." ಉಸಿರು ಸಾಲದೆ ನಿಂತ. ಆಮೇಲೆ ಖಾಲಿ ಬಾಟ್ಲಿಯನ್ನು ಬೆರಳಿಂದ ತುಸು ಮುಂದೆ ತಳ್ಳಿದ. "ಅಷ್ಟು ಜನರ ಮಧ್ಯೆ ಒಬ್ಬನೇ ಕೂತು ಪೂರ್ತಿ ಕುಡಿದೆ. ಒಬ್ಬನೇ ಕೂತ್ರೆ ಒಂದು ಬಾಟ್ಲಿ ಮುಗಿಯೋಕೆ ಎಷ್ಟು ಹೊತ್ತು ಹಿಡಿಯುತ್ತೆ, ಗೊತ್ತಾ ನಿಂಗೆ?"

"ಗೊತ್ತಪ್ಪಾ," ಎಂದ ನೆವಿಲ್.

ಮುದುಕ ತಲೆಯಾಡಿಸಿದ. ಕೋಟನ್ನು ಬಿಚ್ಚದೆಯೇ, ಅಗ್ಗಿಷ್ಟಿಕೆಯ ಕಡೆಗೆ ಹೋಗದೆ, ಅಡುಗೆಮನೆಯ ಸ್ಟೂಲನ್ನು ಮೇಜಿಗೆ ಎಳೆದುಕೊಂಡು ಕೂತ.